ಹೂಂ

ಮದುವೆ ವಿಡಿಯೊ ಮಾಡುವ ಕೊಟ್ರೇಶಿ ಕಡ ಕೊಟ್ಟ ಮೈಕು
ಹುಣಸೆ ಬೀಜದಷ್ಟು. ತಲೆಗೊಂದು ಕರಿ ಸ್ಪಂಜಿನ ಟೋಪಿ.
'ಮಷೀನಿನ ಹಣಿಮ್ಯಾಲೆ ಇರ್ತಾವಲ್ಲ ಎರಡು,
ಅವನ್ನ ನಂಬಬ್ಯಾಡ್ರಿ ಮೇಡಂ,
ಊರ ಗದ್ದಲೆಲ್ಲ ಹೊತ್ಕಂಡು ಬರ್ತಾವು.
ಇದನ್ನ ಸೆರಗಿಗೆ ಸಿಗಿಸ್ರಿ. ಬರೇ ಮಾತು ಬರ್ತತಿ.'

ಇದರ ಪಿನ್ನು ಚುಚ್ಚಿದ ಕೂಡಲೆ
ಒಳಗಿನವೆರಡೂ ಕಿವುಡು.

ದಾವಣಗೆರೆ, ಮಂಡಕ್ಕಿ ಭಟ್ಟಿ, ಬೆಳಗಿನ ಐದೂವರೆ.
ಹೊಟ್ಟಿನ ಹೊಗೆಯಲ್ಲಿ ಕೆಮ್ಮುತ್ತ
ಶಮೀಮಾಬಿಯ ಸೆರಗಿಗೆ ಹುಣಸೆ ಬೀಜ ಸಿಗಿಸಿದೆ.
'ಮರಳು ಕಾದದ್ದು ಕಣ್ಣಿಗೆ ಕಾಣಂಗಿಲ್ರಿ,
ಕಿವೀಲೆ ತಿಳೀಬೇಕು.
ಸುಂಯ್ ಅಂತಿದ್ರ ಇನ್ನೂ ಹಸಿ.
ಸುಮ್ಮನಾತು ಅಂದ್ರ ಅಕ್ಕಿ ಹಾಕು.'

ಮನೆಗೆ ಬಂದು ಹೆಡ್‌ಫೋನು ಹಾಕಿದೆ.
ಎಂಥ ಚೊಕ್ಕ ದನಿ!
ಅಡಿಕೆ ಚೂರು ಹುಡುಕಿ ನಾಲಗೆ
ಹಲ್ಲಿನ ಸಂದಿಗೆ ಹೋಗಿಬಂದದ್ದೂ ಕೇಳುತ್ತದೆ.
ಮರಳು ಮಾತ್ರ ಎಲ್ಲೋ ಪಕ್ಕದ ಓಣಿಯಲ್ಲಿ.
ಮಾತಿನ ನಡುವೆ ಒಂದೊಂದು ಹಳ್ಳ:
ಆಕೆ ನಿಲ್ಲುತ್ತಾಳೆ,
ಯಾರೋ ಏನೋ ಅಂದಂತೆ
'ಹಾಂ, ಅದ ಮತ್ತ' ಎಂದು ಮುಂದೆ ಹೋಗುತ್ತಾಳೆ.

ಹದಿನಾಲ್ಕನೇ ನಿಮಿಷ.
ಚೀಲ ಎತ್ತಲೆಂದು ಎದ್ದಾಗ ವೈರು ಮೊಣಕಾಲಿಗೆ ಸಿಕ್ಕು
ಟಕ್.
ಪಿನ್ನು ಕಿತ್ತುಬಂದದ್ದು ನನಗೆ ಗೊತ್ತೇ ಇರಲಿಲ್ಲ.
ಒಮ್ಮೆಗೇ ನುಗ್ಗಿತು ಭಟ್ಟಿ,
ಕಬ್ಬಿಣದ ಜರಡಿ, ಲಾರಿ ಹಾರ್ನು, ಯಾರದೋ ಮೊಬೈಲು,
ಮಷೀನಿನ ಬೆನ್ನ ಮೇಲೆ ನನ್ನದೇ ಹೆಬ್ಬೆಟ್ಟು
ಗುಡುಗಿನ ಹಾಗೆ.
ಆಕೆಯ ಮಾತು ಆಚೆ ದಡದಲ್ಲಿ.
ಎಲ್ಲಕ್ಕಿಂತ ಹತ್ತಿರ, ಎಲ್ಲಕ್ಕಿಂತ ಜೋರು
ನನ್ನ ಹೂಂ.
ಹೂಂ. ಹೌದಾ? ಹೂಂ.
ಒಬ್ಬಳೇ ಕೂತಿದ್ದರೂ ನಾಚಿಕೆಯಾಯಿತು.

ಆದರೆ ಮರಳು ಸುಂಯ್ಗುಟ್ಟಿ, ಗುಟ್ಟಿ, ಸುಮ್ಮನಾದದ್ದು
ಅಲ್ಲೇ ಸಿಕ್ಕಿತು. ಎರಡೇ ಸೆಕೆಂಡು.
ಆಮೇಲೆ ಅಕ್ಕಿ ಸಿಡಿದು ಮೀಟರೆಲ್ಲ ಕೆಂಪು.

ಭಾನುವಾರ ಶಮೀಮಾಬಿಗೆ ಕೇಳಿಸಿದೆ.
ಒಂದೇ ಕಿವಿಗೆ ಒತ್ತಿಕೊಂಡು ಆಕೆ,
'ಇದ್ಯಾರ್ರೀ, ನಡುನಡುವೆ ಹೂಂ ಹೂಂ ಅನ್ನೋರು?'
ನಾನೇ, ಅಂದೆ. ಅಳಿಸ್ತೀನಿ.

ಹಿಂದಕ್ಕೆ ಹೋಗೆಂದು ಕೈಸನ್ನೆ ಮಾಡಿದಳು.
ಚೊಕ್ಕ ಭಾಗವನ್ನು ಮತ್ತೊಮ್ಮೆ,
ಕಣ್ಣು ಮುಚ್ಚಿ, ಪೂರ್ತಿ ಕೇಳಿದಳು.

'ಹಂಗಾರ ಇಲ್ಲಿ, ನಾ ಒಬ್ಬಾಕೀನ
ಹೇಳ್ಕೊಂತ ಕುಂತಾಗ,
ನೀವು ಎದ್ದು ಎಲ್ಲಿಗೆ ಹೋಗಿದ್ರಿ?'