ಕಿವಿಗುರುತು

ಟೋರ್ಸ್‌ಹಾವ್ನಿನ ಬಂದರುಕಟ್ಟೆ, ಮಧ್ಯಾಹ್ನ ಮೂರಕ್ಕೇ ಕತ್ತಲು.
ದೂರದ ಕಡಲಲ್ಲಿ ತೇಲುವ ಹದಿನಾಲ್ಕು ಬೋಯೆಗಳು
ಹತ್ತು ನಿಮಿಷಕ್ಕೊಮ್ಮೆ ಕೂಗುತ್ತವೆ.
ನಾನು, ರಾನ್ವಾ, ಅವುಗಳ ಮಾತಿಗೆ
ವ್ಯಾಕರಣ ಕಟ್ಟಿ ಸಂಬಳ ಎಣಿಸುವವಳು.

ಯಂತ್ರದ ನೆನಪಿನಲ್ಲಿರುವಷ್ಟು ಹೊತ್ತು
ಅಲೆಗೊಂದು ಮೈಯಿದೆ: ಎತ್ತರ, ದಿಕ್ಕು, ಅಳೆದ ಗಳಿಗೆ,
ತನ್ನ ಬೋಯೆಯತ್ತ ಚಾಚಿದ ಒಂದು ಬೆರಳು.
ದಾಟಿಸಬೇಕಾದರೆ ಮೈಯನ್ನು ಕಳಚಿ
ಬೈಟುಗಳ ಒಂಟಿ ಸಾಲಾಗಿ ಮಲಗಿಸಬೇಕು.
ಬೆರಳು ಮಾತ್ರ ದಾಟಲಾರದು.
‘ಅಗೋ, ಆ ಮೂಲೆ’ ಎಂದರೆ ಈ ಮನೆಯಲ್ಲಷ್ಟೇ ಅರ್ಥ,
ಆಚೆ ಯಂತ್ರದ ಅದೇ ಮೂಲೆಯಲ್ಲಿ
ಯಾರದೋ ಪಾಸ್‌ವರ್ಡು, ಇಲ್ಲವೇ ಬರೀ ಕಸ.
ಬೆರಳಿನ ಬದಲು ಹೆಸರು ಬರೆಯುತ್ತೇನೆ: ಬೋಯೆ ಒಂಬತ್ತು.

ಬೈನಿರ್ ಬರೆದಿದ್ದ ಹಳೆಯ ಪ್ರೋಗ್ರಾಂ ಏನನ್ನೂ ಕೇಳುತ್ತಿರಲಿಲ್ಲ.
ಬಂದ ಬೈಟುಗಳ ಮೇಲೆ ಅಚ್ಚು ಒತ್ತಿ
‘ನೀನು ಅಲೆ’ ಅನ್ನುತ್ತಿತ್ತು,
ಅವು ಅಲೆಯಾಗುತ್ತಿದ್ದವು.
ಒಂದು ಜನವರಿಯಲ್ಲಿ ಯಾರೋ, ಹೆಸರು ಹೇಳುವುದಿಲ್ಲ,
ಪಟ್ಟಿಯ ನಡುವೆ ಒಳಹರಿವಿನ ವೇಗ ಸೇರಿಸಿದರು.
ಓದುವ ಕಡೆಯವರಿಗೆ ಹೇಳಲಿಲ್ಲ.
ವೇಗಕ್ಕೂ ಎಂಟು ಬೈಟು, ಎತ್ತರಕ್ಕೂ ಎಂಟು ಬೈಟು,
ಅಳತೆ ಕೂಡಿತು, ಯಾವ ಗಂಟೆಯೂ ಬಾರಿಸಲಿಲ್ಲ.
ಐದು ಮೀಟರ್ ಏಳುತ್ತಿದ್ದ ಕಡಲು
ಪರದೆಯ ಮೇಲೆ ಸೊನ್ನೆ ಪಾಯಿಂಟ್ ಎಂಟು.

ತ್ರೋಂದುರ್ ದೋಣಿ ಬಿಟ್ಟ.
ಹಿಂದಿರುಗಿದಾಗ ಚುಕ್ಕಾಣಿ ಕೋಣೆಗೆ ಗಾಜಿರಲಿಲ್ಲ,
ಅವನ ಎಡಗೈಗೆ ಎರಡು ಬೆರಳಿರಲಿಲ್ಲ.
ಆಮೇಲೆ ನಮಗೆ ಫೋನು ಮಾಡುವುದನ್ನೇ ಬಿಟ್ಟ.
ಕಿಟಕಿ ತೆರೆದು ನೋಡುತ್ತಾನಂತೆ.

ಸಾಂದೋಯ್ ದ್ವೀಪದ ನನ್ನ ಸೋದರತ್ತೆ ಬಿಲ್ಲಾಗೆ
ಕಂಪ್ಯೂಟರೆಂದರೆ ಹಲ್ಲುನೋವು.
ಶರತ್ಕಾಲದಲ್ಲಿ ಗುಡ್ಡದ ಕುರಿಗಳನ್ನು ಅಟ್ಟಿ ತಂದು
ದೊಡ್ಡಿಯ ಬಾಯಲ್ಲಿ ನಿಂತು ಕಿವಿ ಹಿಡಿಯುತ್ತಿದ್ದಳು.
ಎಡಗಿವಿಯ ತುದಿ ಕತ್ತರಿಸಿದ್ದರೆ ನಮ್ಮದು,
ಬಲಗಿವಿಯಲ್ಲಿ ಕಚ್ಚಿದ್ದರೆ ಆಚೆ ಹೊಲದವರದ್ದು.
ಕಾಗೆ ಕಿತ್ತದ್ದೋ ಬೇಲಿ ಸೀಳಿದ್ದೋ, ಹರಿದ ಕಿವಿ ಬಂದರೆ
‘ಮುಖ ನಮ್ಮದರ ಹಾಗೇ ಇದೆಯಲ್ಲ’ ಅನ್ನುತ್ತಿದ್ದ ಮಾವ,
ಚಾಕು ಆಗಲೇ ಮಸೆದಿಟ್ಟು.
ಅತ್ತೆ ಅದನ್ನು ಮೂರನೆಯ ಪುಟ್ಟ ದೊಡ್ಡಿಗೆ ತಳ್ಳುತ್ತಿದ್ದಳು:
ಬಗೆ ತಿಳಿಯದೆ ಒಡಲು ಬಗೆಯಬೇಡ.

ಈಗ ನಾನು ಬರೆಯುವ ಭಾಷೆಗೂ ಅಂಥದೇ ಹಟ.
ಪ್ರತಿ ಸಾಲಿನ ತಲೆಗೆ ಒಂದು ಕಿವಿ, ಕಿವಿಗೊಂದು ಗುರುತು.
ಅಲೆಯನ್ನು ಗಾಳಿಯ ಜಾಗದಲ್ಲಿಟ್ಟರೆ
ಕಂಪೈಲರ್ ಒಲ್ಲೆ ಎನ್ನುತ್ತದೆ. ಸಂಖ್ಯೆ ಸಂಖ್ಯೆಯೇ ಅಲ್ಲವೇ
ಎಂದು ಗೋಗರೆದರೂ ಒಲ್ಲೆ.
ಎಲ್ಲ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಸಿಕೊಂಡಿರುತ್ತದೆ:
ಇದು ಯಾವುದೂ ಅಲ್ಲದಿದ್ದರೆ?
ಮೂರನೆಯ ದೊಡ್ಡಿ ಕಟ್ಟುವ ತನಕ
ಮನೆಗೆ ಬಿಡಲಿಲ್ಲ, ಆ ಶುಕ್ರವಾರ, ರಾತ್ರಿ ಹತ್ತಾದರೂ.

ನಿವೃತ್ತನಾದ ಬೈನಿರ್ ಕಾಫಿ ಫ್ಲಾಸ್ಕು ಹಿಡಿದು ಬಂದ,
ಕನ್ನಡಕ ಏರಿಸಿ ನೋಡಿದ.
‘ಸಾಲಿಗೆ ನಾಲ್ಕು ಬೈಟು ಹೆಚ್ಚು. ಉಪಗ್ರಹದವರು
ಬೈಟಿಗಿಷ್ಟು ಎಂದು ವಸೂಲಿ ಮಾಡುತ್ತಾರೆ, ಗೊತ್ತಲ್ಲ?’
ಗೊತ್ತು ಅಂದೆ.
ತುಂಬ ಹೊತ್ತು ಕಾಫಿ ಕಲಕುತ್ತ ಕೂತ,
ಸಕ್ಕರೆ ಹಾಕಿರಲೇ ಇಲ್ಲ.

ನಿನ್ನೆ ರಾತ್ರಿ ಬೋಯೆ ಹನ್ನೊಂದು
ನಮ್ಮ ಪಟ್ಟಿಯಲ್ಲೇ ಇಲ್ಲದ ಗುರುತೊಂದನ್ನು ಕಳಿಸಿತು.
ತಂತಿಯೊಳಗೆ ಉಪ್ಪೋ, ಮೇಲೆ ಕೂತ ಹಕ್ಕಿಯೋ.
ಪರದೆಯ ಮೇಲೆ ಎತ್ತರವಿರಲಿಲ್ಲ, ಎರಡೇ ಪದ: ಬಗೆ ಗೊತ್ತಿಲ್ಲ.
ಆಗ ಫೋನು.
ಆರು ವರ್ಷದ ಮೇಲೆ ಆ ಗೊಗ್ಗರು ದನಿ,
‘ಹನ್ನೊಂದರ ಹತ್ತಿರ ಅಲೆ ಎಷ್ಟಿದೆ?’
ಗೊತ್ತಿಲ್ಲ, ಅಂದೆ.
ಆಚೆ ಕಡೆ ಗಾಳಿ, ದೋಣಿಗಳು ಕಟ್ಟೆಗೆ ಉಜ್ಜುವ ಸದ್ದು.
‘ಸರಿ,’ ಅಂದ ತ್ರೋಂದುರ್, ‘ಹಾಗಾದರೆ ಕಟ್ಟಿಯೇ ಇರಲಿ.’

ಹತ್ತು ನಿಮಿಷ ಕಳೆದು ಹನ್ನೊಂದು ಮತ್ತೆ ಕೂಗಿತು.
ಮೂರನೆಯ ದೊಡ್ಡಿಯಲ್ಲಿ ಈಗ ಎರಡು.