ಕರಡು

ಬೆಟಗೇರಿ ಪ್ರೆಸ್ಸಿನಾಗ ಸಂಜಿ ಆರು.
ಲಗ್ನಪತ್ರದ ಮೊಳೆ ಜೋಡಸಾಕತ್ತೀನಿ.
ಬಿಟ್ಟು ನಲವತ್ತೊಂದು ದಿನ,
ಕೈ ಇನ್ನೂ ಸಣ್ಣಗ ನಡಗತೈತಿ.

ತಲ್ಯಾಗ ಅದ ಸಾಲು ಮತ್ತ:
"ಅಂದಾನಿ, ನಿನ್ನ ಕೈಲೆ ಎಂದೂ ಆಗೂದಿಲ್ಲ."
ಮೊದಲಾದ್ರ ಹೌದಂತ ಅಂಗಿ ತೊಟ್ಟು
ಸ್ಟೇಶನ್ ದಾರಿ ಹಿಡೀತಿದ್ದೆ.

ಮೂವತ್ತು ವರ್ಷ ಊರ ಮಂದಿ ತಪ್ಪು ತಿದ್ದಿದೆ,
ಇದೊಂದು ಕರಡು ಮಾತ್ರ
ನೋಡದನ ಅಚ್ಚಿಗೆ ಬಿಟ್ಟೆ.
ಎಷ್ಟು ಪ್ರತಿ ಹೋದವೋ ಮನಿತುಂಬ.

ಇವತ್ತು ಚಾಳೀಸ ಏರಿಸಿದೆ.
ಈ 'ಎಂದೂ' ಯಾರು ಕೂಡಿಸಿದ್ರು?
ಚಿಮಟಿಗಿಲೆ 'ಎ' ಕಿತ್ತು 'ಇ' ಇಟ್ಟೆ,
ದೀರ್ಘ ತಗದು ಹ್ರಸ್ವ.

ಇಂದು.

ಉಳದದ್ದು ಹಂಗ ಇರಲಿ.

ಬಾಗಲದಾಗ ಗುರುಪಾದಿ ಸೈಕಲ್ ಗಂಟಿ ಹೊಡದ:
"ಬರತೀಯಿಲ್ಲೋ?"
ನಡಗೂ ಕೈ ಮೊಳೆಪೆಟ್ಟಿಗೆ ಮ್ಯಾಲಿಟ್ಟು
ತಿದ್ದಿದ್ದನ್ನ ಓದಿದೆ:
"ಇಂದು ಆಗೂದಿಲ್ಲ."