ಡಬಲ್ ಬೆಲ್

ಮುಂಜಾನೆ ಐದೂವರಿ.
ಮಹಾನಂದಾ ಬೀಡಿ ಬುಟ್ಟಿ ಹೊತಗೊಂಡು ಆಗಲೇ ಹೋಗ್ಯಾಳ.
ಇನ್ನ ಮನಿಗೆ ಕೊನೀ ಮನಶ್ಯಾ ನಾನು.
ಕೊನೀ ಮನಶ್ಯಾ ಅಂದ್ರ ಎಲ್ಲಾದಕ್ಕೂ ಜವಾಬುದಾರ:
ಸಿಲಿಂಡರಿನ ಕಿವಿ, ನೀರಿನ ಮೋಟಾರು,
ದೇವರ ಮುಂದಿನ ದೀಪ, ಹಿತ್ತಲದ ಅಗಳಿ.

ಕೀಲಿ ಹಾಕತೀನಿ. ಜಗ್ಗಿ ನೋಡತೀನಿ. ಮತ್ತ ಜಗ್ಗತೀನಿ.
ಓಣಿ ದಾಟಿ ಹಾಲಿನ ಡೇರಿತನಕ ಹೋಗಿ
ತಿರುಗಿ ಬರತೀನಿ.
ಡೇರಿ ಹುಡುಗಗ ನಗಿ:
‘ಮಾಸ್ತರ, ಇವತ್ತೂ ಏನರೆ ಮರತ್ರಿ?’
ಮರತಿಲ್ಲಪಾ, ಅದಽ ತ್ರಾಸು.
ಎಲ್ಲಾ ನೆನಪೈತಿ. ನಂಬಿಕಿ ಒಂದಽ ಇಲ್ಲ.

ಹದಿನೆಂಟು ವರ್ಷ ಆತು, ಅಕ್ಕಲಕೋಟ–ಸೊಲ್ಲಾಪುರ.
ಗಾಡಿ ತುಂಬ ಮಂದಿ, ಎಲ್ಲಾರ ಮಾತೂ ನಂಬತೀನಿ.
ಹುಡುಗಗ ಹನ್ನೊಂದು ವಯಸ್ಸು ಅಂತಾರ,
ಮೀಸಿ ಚಿಗರಿದ್ದು ಕಂಡ್ರೂ
ಅರ್ಧಾ ಟಿಕೀಟು ಕೊಡತೀನಿ.
ನನ್ನ ಕೈ ನನಗ ಹೇಳಿದ್ದು ಮಾತ್ರ
ನಂಬಾಕ ಆಗವಲ್ದು.

ಒಂದು ಬೆಲ್ ಅಂದ್ರ ನಿಲ್ಲು. ಎರಡಂದ್ರ ನಡಿ.
ಡ್ರೈವರ್ ಲಾಡ್ಲೇಸಾಬಗ ಹಿಂದ ತಿರುಗಿ ನೋಡೂ ಚಟ ಇಲ್ಲ.
ಹಗ್ಗದ ಸಪ್ಪಳ ಕೇಳಿದ್ರ ಸಾಕು, ಗೇರು ಹಾಕತಾನ.
ಬಾಗಲಾ ಮುಚ್ಚೇತೋ, ಪಾವಟಗಿ ಮ್ಯಾಲ ಮುದುಕಿ ನಿಂತಾಳೋ,
ಅದೆಲ್ಲಾ ಮಾಸ್ತರನ ಕಣ್ಣಿಗೆ ಬಿಟ್ಟದ್ದು.
ಆ ಮಾಸ್ತರನ ತಲಿಯೊಳಗ
ವಳಸಂಗ ಬರೂತನಕ ಒಂದಽ ಬೆಲ್ಲು,
ಒಂದಽ ಬೆಲ್ಲು.

ಶನಿವಾರ ಬೆಳಗಿನ ಸಾಲಿ. ಸುಗಲಾ ನನ್ನ ಜೋಡೀನ ಹೊಂಟಿದ್ಲು.
ಡೇರಿಯಿಂದ ಎರಡು ಸಲ ತಿರುಗಿದ್ದು ನೋಡಿದ್ಲು.
ನಗಲಿಲ್ಲ.
‘ಅಪ್ಪಾ, ಡಬಲ್ ಬೆಲ್ ಹೊಡದ ಮ್ಯಾಲ
ಕೆಳಗಿಳದು ಗಾಲಿ ಎಣಸತೀ ಏನು?’

ಮಶೀನು ಬಂದ ಮ್ಯಾಲ ಕಿಡಕ್ಯಾಗ ತುಕ್ಕು ಹಿಡಿದಿತ್ತು
ಹಳೀ ಟಿಕೀಟು ಚಿಮಟಾ. ಅದನ್ನ ತಗೊಂಡ್ಲು.
ಗಣಿತದ ವಹಿಯ ಅಂಚು ಹರದು ಬರದ್ಲು:
ಗ್ಯಾಸ್ ಬಂದ್. ಮೋಟಾರ್ ಬಂದ್.
ದೀಪ ಶಾಂತ (ಆರೇತಿ ಅನಬಾರದಂತ ಅಜ್ಜಿ ಕಲಿಸ್ಯಾಳ).
ಅಗಳಿ. ಕೀಲಿ.
‘ಮುಟ್ಟು. ಬಾಯಿಲೆ ಹೇಳು. ಮನಸಿನ್ಯಾಗ ಬ್ಯಾಡ,
ನನಗ ಕೇಳೂಹಂಗ.’
ನಲವತ್ತಾರರ ಗಂಡಸು ಒಲಿ ಮುಂದ ನಿಂತು
ಜೋರಾಗಿ ಅಂದೆ: ಗ್ಯಾಸ್ ಬಂದ್ ಮಾಡೇನಿ.
ಟಿಕ್. ಒಂದು ತೂತು.
ಐದನೇ ತೂತು ಬಿದ್ದ ಮ್ಯಾಲ ಚೌಕಟ್ಟಿಗೆ ಎರಡು ಪೆಟ್ಟು:
‘ನಡಿ!’

ಅವತ್ತಽ ಭೀತಿ ಹೋತು ಅಂದ್ರ ಸುಳ್ಳಾದೀತು.
ಕುಂಭಾರಿ ಹತ್ರ ಎದಿ ಹೊಡಕೊಂಡ್ತು.
ಕಿಸೇಕ ಕೈ ಹಾಕಿದೆ, ಚೀಟಿ ಇತ್ತು.
ಕಣ್ಣಿಗೆ ಹಿಡದೆ, ತೂತಿನಾಗ
ಒಂದು ಎಳಿ ಜ್ವಾಳದ ಹೊಲ
ಓಡಿ ಹೋತು.
ಮಂಗಳವಾರ ಡೇರಿಯಿಂದ ಒಂದು ಸಲ ತಿರುಗಿದೆ.
ಬುಧವಾರ ತಿರುಗಲಿಲ್ಲ. ಶುಕ್ರವಾರ ಮತ್ತ ತಿರುಗಿದೆ,
ಚೀಟಿ ಅಂಗಿ ಜೋಡಿ ತೊಯ್ದು ಮುದ್ದಿ ಆಗಿತ್ತು.
ಸುಗಲಾ ಹೊಸಾದು ಬರದು ಕೊಟ್ಲು, ಏನೂ ಅನಲಿಲ್ಲ.

ಹೋದ ವಾರ, ವಳಸಂಗ ದಾಟಿದ ಮ್ಯಾಲ,
ಹಸರು ಇಲಕಲ್ ಸೀರಿ ಉಟ್ಟಾಕಿ ಒಮ್ಮೆಲೇ ಎದ್ದು ನಿಂತ್ಲು.
‘ನಿಲ್ಲಸ್ರೀ! ಇಸ್ತ್ರಿ ಹಂಗಽ ಬಿಟ್ಟು ಬಂದೇನಿ!’
ಹಿಂದಿನವರು ಒದರಿದ್ರು, ಮರಾಠಿಯೊಳಗೊಬ್ಬ, ತೆಲುಗಿನೊಳಗೊಬ್ಬ;
ಕೋರ್ಟಿಗೆ ಹೊತ್ತಾಗೇತಿ ಅಂತ ಮತ್ತೊಬ್ಬ.
ನಾ ಆಕಿ ಹತ್ರ ಹೋಗಿ ಕುಕ್ಕರಗಾಲಿಲೆ ಕುಂತೆ.
‘ಯಾವ ಅರಿವಿಗೆ ಇಸ್ತ್ರಿ ಮಾಡಿದ್ರಿ, ಬಾಯಾರ?’
‘ಇದಕ್ಕಽ. ಸೆರಗಿಗೆ.’
‘ಆಮ್ಯಾಲ ವಾಯರು?’
ಕಣ್ಣು ಮುಚ್ಚಿದ್ಲು. ಬೆರಳು ತಾವಾಗೇ
ಗಾಳ್ಯಾಗ ಏನೋ ಸುತ್ತಿದ್ವು,
ಸುತ್ತಿದ್ವು, ನಿಂತ್ವು.
‘ಸುತ್ತಿ ಕಪಾಟಿನ ಮ್ಯಾಲ ಇಟ್ಟೆ.’
‘ಇನ್ನೊಂದು ಸಲ ಹೇಳ್ರಿ. ನನಗ ಕೇಳೂಹಂಗ.’
ಹೇಳಿದ್ಲು. ಕೋರ್ಟಿನವನಿಗೂ ಕೇಳಿತು.

ಗಾಡಿ ಓಡಾಕತ್ತಿತ್ತು, ನಿಂತಿರಲೇ ಇಲ್ಲ.
ಆದ್ರೂ ಕೈ ಮ್ಯಾಲೆ ಹೋತು,
ಎರಡು ಸಲ ಹಗ್ಗ ಜಗ್ಗಿದೆ.
ಹದಿನೆಂಟು ವರ್ಷದಾಗ ಮೊದಲ ಸಲ
ಲಾಡ್ಲೇಸಾಬ ಹಿಂದ ತಿರುಗಿ ನೋಡಿದ.
ಏನಾತು ಅಂತ ಹುಬ್ಬಿಲೇ ಕೇಳಿದ.
‘ಏನಿಲ್ಲೋ ಮಾರಾಯಾ,
ಮುಂದ ನೋಡು.’